ಮೊದಲ ತಂಡದ ಹುಡುಗರು: 1974–77

ನಮ್ಮ ಪ್ರೌಢಶಾಲೆಯ ದಾಖಲಾತಿ ಪುಸ್ತಕವನ್ನು ನಂಬುವುದಾದರೆ, 1974ರಲ್ಲಿ ಎಂಟನೇ ತರಗತಿಗೆ ಸೇರಿದ 23 ಹುಡುಗರಲ್ಲಿ 14 ಮಂದಿ ಹುಟ್ಟಿದ್ದು ಜೂನ್ 1ರಂದು. ಇದೇನು ಪವಾಡವಲ್ಲ. ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪ "ಕೆಂಪು ದನ ಕರು ಹಾಕಿದ ಮಾರನೇ ದಿನ ಹುಟ್ಟಿದ್ದು" ಎಂದರೆ ಮೇಷ್ಟ್ರಾದರೂ ಏನು ಮಾಡಿಯಾರು? ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನವೆಂದು ಬರೆದು ಮುಗಿಸಿದರು. ಸುವರ್ಣ ಮಹೋತ್ಸವದ ಸಂಚಿಕೆಗೆ ಮೊದಲ ತಂಡದ ಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದಾರೆ. ದಾಖಲೆಯ ಸ್ಥಿತಿ ಹೀಗಿರುವುದರಿಂದ ನೆನಪನ್ನೇ ಹೆಚ್ಚು ನೆಚ್ಚಿ ಬರೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಊರಿನವರಿಗೆ ಹೇಗೂ ಗೊತ್ತಾಗುತ್ತದೆ. ಮೊಮ್ಮಕ್ಕಳ ಮುಂದೆಯಾದರೂ ಅವರ ಮಾನ ಉಳಿಯಲಿ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಶಾಲೆಗೆ ಕಟ್ಟಡವಿರಲಿಲ್ಲ. ಸೊಸೈಟಿಯ ಗೋದಾಮಿನ ಅರ್ಧ ಭಾಗದಲ್ಲಿ ಯೂರಿಯಾ ಮೂಟೆಗಳು, ಇನ್ನರ್ಧದಲ್ಲಿ ನಾವು. ಬೆಂಚು ಅಂದರೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಹಲಗೆ. ಹುಡುಗಿಯರು ಒಬ್ಬರೂ ಇರಲಿಲ್ಲ. ಇದು ಗಂಡು ಹುಡುಗರ ಶಾಲೆ ಎಂದು ಸರ್ಕಾರವೇನೂ ಹೇಳಿರಲಿಲ್ಲ, ಊರು ಹೇಳಿತ್ತು. ಏಳನೇ ಕ್ಲಾಸಿನವರೆಗೆ ನಮ್ಮ ಜೊತೆಗೆ ಓದಿದ ಹುಡುಗಿಯರಲ್ಲಿ ಇಬ್ಬರು ನಮ್ಮೆಲ್ಲರಿಗಿಂತ ಜಾಣೆಯರು. ಅವರು ಸೇರಿದ್ದರೆ ಮುಂದಿನ ಪುಟಗಳಲ್ಲಿ ಅಚ್ಚಾಗಿರುವ 'ಮೊದಲ ಸ್ಥಾನ ಪಡೆದವರು' ಪಟ್ಟಿಯ ಮೊದಲ ಸಾಲು ಬೇರೆ ಇರುತ್ತಿತ್ತು.

ತಂಡದ ಹಿರಿಯನನ್ನು ಉದ್ದಣ್ಣ ಎಂದು ಕರೆಯುತ್ತಿದ್ದೆವು. ಹೈಸ್ಕೂಲು ಬರುತ್ತದಂತೆ ಎಂದು ಕೇಳಿ, ನೇಗಿಲು ಬಿಟ್ಟು ಮತ್ತೆ ಪುಸ್ತಕ ಹಿಡಿದವನು. ಹುರಿ ಮೀಸೆ, ಬಿಳಿ ಪಂಚೆ. ಮೊದಲ ಸಲ ಇನ್ಸ್‌ಪೆಕ್ಟರು ಬಂದಾಗ ಬಾಗಿಲಲ್ಲಿ ನಿಂತಿದ್ದವನಿಗೆ ಕೈ ಮುಗಿದು, "ತಾವು ಯಾವ ಸಬ್ಜೆಕ್ಟು?" ಎಂದು ಕೇಳಿಬಿಟ್ಟರು. ಅವನು ಅಷ್ಟೇ ಗಂಭೀರವಾಗಿ, "ಗಣಿತ ಒಂದು ಬಿಟ್ಟು ಉಳಿದದ್ದೆಲ್ಲ ಪರವಾಗಿಲ್ಲ ಸಾರ್" ಎಂದ. ಇನ್ಸ್‌ಪೆಕ್ಟರು ಗಣಿತಕ್ಕೊಬ್ಬ ಮೇಷ್ಟ್ರು ಬೇಕೆಂದು ಬರೆದುಕೊಂಡು ಹೋದರು. ಮೇಷ್ಟ್ರು ಬಂದರು ಕೂಡ! ಶಾಲೆಗೆ ಉದ್ದಣ್ಣನ ದೊಡ್ಡ ಕೊಡುಗೆ ಇದೇ ಎಂದು ನನ್ನ ಅಭಿಪ್ರಾಯ.

ಇನ್ನೊಬ್ಬನ ಮನೆಯಲ್ಲಿ ಮರ್ಫಿ ರೇಡಿಯೋ ಇತ್ತು. ಬುಧವಾರ ರಾತ್ರಿ 8 ಗಂಟೆಗೆ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತಮಾಲಾ ಬರುತ್ತಿತ್ತು. ಗುರುವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವನು ಅಮೀನ್ ಸಯಾನಿಯ ಧ್ವನಿಯಲ್ಲಿ ಇಡೀ ಕಾರ್ಯಕ್ರಮವನ್ನು ಒಪ್ಪಿಸುತ್ತಿದ್ದ. ಅಷ್ಟು ಚೆಂದದ ಹಿಂದಿಯನ್ನು ನಮ್ಮ ಹಿಂದಿ ಪಂಡಿತರೂ ಆಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವನು ಫೇಲಾದದ್ದು ಹಿಂದಿಯಲ್ಲೇ.

ಹಿನ್ನೀರಿನ ಆಚೆ ದಡದಿಂದ ಬರುತ್ತಿದ್ದವನಿಗೆ ದೋಣಿ ಎಂದೇ ಹೆಸರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವನ ಊರು ಮುಳುಗಿ, ಮನೆಯವರು ಗುಡ್ಡದ ಮೇಲೆ ಬಂದು ನೆಲೆಸಿದ್ದರು. ಮಳೆಗಾಲದಲ್ಲಿ ನಮಗೆ ಅವನೆಂದರೆ ಆಗುತ್ತಿರಲಿಲ್ಲ. ಹಳ್ಳ ಬಂದಿತ್ತು ಸಾರ್, ಸಂಕ ಮುರಿದಿತ್ತು ಸಾರ್ ಎಂದು ನಾವು ರಾಗ ತೆಗೆದರೆ, ಹೆಡ್‌ಮಾಸ್ಟರು ಕಂಬಳಿಕೊಪ್ಪೆಯಿಂದ ನೀರು ಸುರಿಸುತ್ತ ಕೂತಿದ್ದ ಅವನ ಕಡೆ ಬೆತ್ತ ತೋರಿಸುತ್ತಿದ್ದರು. ಅಷ್ಟೇ, ನಮ್ಮ ವಾದ ಮುಗಿಯಿತು. ವಿಜ್ಞಾನದ ಪಾಠದಲ್ಲಿ ಜಲವಿದ್ಯುತ್ತಿನ ವಿಷಯ ಬಂದ ದಿನ ಅವನೊಬ್ಬನೇ ಎದ್ದು ನಿಂತು, "ನಮ್ಮನೆಗೆ ಯಾವಾಗ ಬರ್ತದೆ ಸಾರ್?" ಎಂದು ಕೇಳಿದ. ಅವನು ಓದುತ್ತಿದ್ದದ್ದು ಚಿಮಣಿ ಬುಡ್ಡಿಯಲ್ಲಿ. ಮೇಷ್ಟ್ರು ಬೋರ್ಡಿನ ಮೇಲಿದ್ದ ಟರ್ಬೈನಿನ ಚಿತ್ರ ಒರೆಸಿ ಮುಂದಿನ ಪಾಠಕ್ಕೆ ಹೋದರು. ಅವರನ್ನು ನಾನು ದೂರುವುದಿಲ್ಲ. ಉತ್ತರ ಅವರ ಪುಸ್ತಕದಲ್ಲಿ ಇರಲಿಲ್ಲ.

ಇನ್ನು ಮೂರನೇ ಬೆಂಚಿನ ಇಬ್ಬರು. ಇವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಬ್ಬ ಒಡೇರ ಮಗ. ತರಗತಿಗೆಲ್ಲ ಇದ್ದ ಒಂದೇ ಕಂಪಾಸು ಪೆಟ್ಟಿಗೆ ಅವನದು. ಪಕ್ಕದವನು ಅವರ ಗೇಣಿದಾರನ ಮಗ. ಟೆಂಟಿನಲ್ಲಿ 'ಬಂಗಾರದ ಮನುಷ್ಯ' ನೋಡಿ ಬಂದು, ತಾನೂ ರಾಜೀವನ ಹಾಗೆ ಬೇಸಾಯ ಮಾಡುವವನೇ ಎಂದು ಘೋಷಿಸಿದ್ದ. "ಮಾಡು ಮಾರಾಯ, ಮೊದಲು ಗದ್ದೆ ಎಲ್ಲಿದೆ ಹೇಳು" ಎಂದು ನಾವು ನಗುತ್ತಿದ್ದೆವು. ಒಡೇರ ಮಗ ಮಾತ್ರ ಅವನ ಪರವಾಗಿ ನಿಂತು, "ನಮ್ಮದಿಲ್ವನಾ? ಅದ್ರಲ್ಲೇ ಮಾಡ್ತಾನೆ" ಎನ್ನುತ್ತಿದ್ದ.

ಗದ್ದೆಯ ಉತ್ತರ ಸರ್ಕಾರದಿಂದ ಬಂತು. ಗೇಣಿದಾರರ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ನಮ್ಮ ಸಾಗರ ತಾಲೂಕಿನಲ್ಲೇ. ಭತ್ತ ಅಳೆಯುವ ಕೊಳಗದಿಂದ ಎದ್ದ ಆ ಜಗಳಕ್ಕೆ ಲೋಹಿಯಾ ಬಂದು ಬಂಧನವಾದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರಾಗಿ, ನಾಲ್ವರು ನಾಮಕರಣ ಸದಸ್ಯರಿರುವ ನ್ಯಾಯಮಂಡಳಿ ತೀರ್ಮಾನಿಸಬೇಕು. ಆಗ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ಎದುರುಬದುರು ನಿಂತು ತಾವೇ ಮಾತಾಡಬೇಕು. ತಲೆಮಾರುಗಳಿಂದ ಜಗಲಿಯ ಕೆಳಗೆ ನಿಂತು ಮಾತಾಡಿದವನಿಗೆ ಅದೆಂಥ ಕಷ್ಟ ಎಂಬುದನ್ನು ಈಗಿನ ಮಕ್ಕಳು ಊಹಿಸಿಕೊಳ್ಳಬೇಕು.

ವಿಚಾರಣೆಯ ದಿನ ಮೂರನೇ ಬೆಂಚು ಖಾಲಿ. ಮಾರನೇ ದಿನ ಇಬ್ಬರೂ ಬಂದರು, ಅದೇ ಬೆಂಚಿನಲ್ಲಿ ಕೂತರು, ಮಾತಿಲ್ಲ. ರೇಖಾಗಣಿತದ ಪೀರಿಯಡ್ಡಿನಲ್ಲಿ ಇಡೀ ತರಗತಿ ಬೋರ್ಡು ಬಿಟ್ಟು ಇವರನ್ನೇ ನೋಡುತ್ತಿತ್ತು. ಒಡೇರ ಮಗ ವೃತ್ತ ಎಳೆದು ಕೈವಾರವನ್ನು ಹಲಗೆಯ ಮೇಲಿಟ್ಟ. ಇವನು ತೆಗೆದುಕೊಂಡು ತನ್ನ ವೃತ್ತ ಎಳೆದು, ಇದ್ದಲ್ಲೇ ಇಟ್ಟ. ಮಳೆಗಾಲ ಮುಗಿಯುವವರೆಗೂ ಅವರ ನಡುವೆ ನಡೆದ ಮಾತುಕತೆ ಇಷ್ಟೇ. ಆಮೇಲೆ ಒಂದು ದಿನ ಗೋದಾಮಿಗೆ ಕೇರೆಹಾವು ನುಗ್ಗಿ, ಎಲ್ಲರಿಗಿಂತ ಮೊದಲು ಉದ್ದಣ್ಣ ಯೂರಿಯಾ ಮೂಟೆ ಹತ್ತಿ ನಿಂತಾಗ ಇಬ್ಬರೂ ಒಟ್ಟಿಗೆ ನಕ್ಕರು. ರಾಜಿಯಾಯಿತೆಂದು ನಾವು ತಿಳಿದುಕೊಂಡೆವು.

ಗದ್ದೆ ಉಳುವವನಿಗೆ ಹೋಯಿತು. ಕಾನೂನು ನ್ಯಾಯವಾದದ್ದೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಆದರೆ ಒಡೇರು ಎಂದ ಮಾತ್ರಕ್ಕೆ ಅವರೇನು ದೊಡ್ಡ ಜಮೀನ್ದಾರರಲ್ಲ. ಗಂಡ ತೀರಿಕೊಂಡ ಅತ್ತೆಯೊಬ್ಬರು ಆ ಗೇಣಿ ಭತ್ತದಲ್ಲೇ ಊಟ ಮಾಡುತ್ತಿದ್ದರು. ಕೆಲವು ವರ್ಷಗಳಲ್ಲಿ ಆ ಮನೆಯವರು ತೋಟ ಮಾರಿ ಶಿವಮೊಗ್ಗ ಸೇರಿದರು. ಪಠ್ಯಪುಸ್ತಕದಲ್ಲಿ ಇದೆಲ್ಲ ಎರಡು ಸಾಲು. ನಮ್ಮ ಮೂರನೇ ಬೆಂಚಿನ ಮೇಲೆ ಒಂದು ಕೈವಾರದಷ್ಟು ಅಂತರ ಇತ್ತು.

1977ರ ಮಾರ್ಚಿನಲ್ಲಿ ಲೋಕಸಭಾ ಚುನಾವಣೆ. ಎಸ್ಸೆಸ್ಸೆಲ್ಸಿಗೆ ಓದಬೇಕಾದ ನಮ್ಮ ಗೋದಾಮು ಮತಗಟ್ಟೆಯಾಯಿತು. ಆಗ ಮತ ಹಾಕಲು 21 ತುಂಬಿರಬೇಕಿತ್ತು. ಶಾಲೆಯ ಪುಸ್ತಕದಲ್ಲಿ 17 ವರ್ಷದವನಾಗಿದ್ದ ಉದ್ದಣ್ಣನ ಹೆಸರು ಮತದಾರರ ಪಟ್ಟಿಯಲ್ಲಿತ್ತು! ಬೆರಳಿನ ಶಾಯಿ ತೋರಿಸುತ್ತ ಬಂದ. ಮುಂದಿನ ವಾರ ತುರ್ತುಪರಿಸ್ಥಿತಿ ಹೋಯಿತು, ದೆಹಲಿಯ ಸರ್ಕಾರವೂ ಬದಲಾಯಿತು. ಎಲ್ಲ ತನ್ನದೊಂದು ಓಟಿನಿಂದ ಎಂದು ಹೇಳಿಕೊಂಡು ತಿರುಗಿದ. ನಮ್ಮ ರಾಜ್ಯದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದಿವೆ ಎಂದು ಸಮಾಜದ ಮೇಷ್ಟ್ರು ತಿಳಿಸಿ ಹೇಳಿದರೂ ಅವನು ಒಪ್ಪಲಿಲ್ಲ. ಗಣಿತ ಮಾತ್ರ ಅವನ ಓಟಿಗೆ ಜಗ್ಗಲಿಲ್ಲ. ಪತ್ರಿಕೆಯಲ್ಲಿ ನಂಬರು ಹುಡುಕಿದಾಗ ನಮ್ಮಲ್ಲಿ ಪಾಸಾದವರಿಗಿಂತ ಫೇಲಾದವರೇ ಹೆಚ್ಚು.

ಗ್ರೂಪ್ ಫೋಟೋವನ್ನು ಎದುರಿನ ಪುಟದಲ್ಲಿ ಅಚ್ಚು ಹಾಕಲಾಗಿದೆ. ಕುರ್ಚಿಯ ಮೇಲೆ ಮೇಷ್ಟ್ರ ಸಾಲಿನಲ್ಲಿ ಕೂತಿರುವವನು ಉದ್ದಣ್ಣ, ಫೋಟೋದವರೇ ಕೂರಿಸಿದ್ದು. ಮೂರನೇ ಬೆಂಚಿನವರು ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಇದ್ದಾರೆ. ದೋಣಿ ಇಲ್ಲ. ಅವತ್ತು ಗಾಳಿ ಹೆಚ್ಚಾಗಿ ದೋಣಿ ಬಿಟ್ಟಿರಲಿಲ್ಲ. ನಿಂತವರಲ್ಲಿ ಎಡದಿಂದ ನಾಲ್ಕನೆಯವನು, ಕಣ್ಣು ಮುಚ್ಚಿರುವವನು, ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ತೊಳೆದು ಬಂದು ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ ನಮ್ಮ ಮಾಣಿ. ಫಲಿತಾಂಶ ಬಂದ ರಾತ್ರಿಯೇ ಬೊಂಬಾಯಿ ಬಸ್ಸು ಹತ್ತಿದನೆಂದು ಸುದ್ದಿ. ಆಮೇಲೆ ಊರಿಗೆ ಬಂದಿಲ್ಲ. ಅವನ ಟಿ.ಸಿ. ಇನ್ನೂ ಶಾಲೆಯ ಬೀರುವಿನಲ್ಲೇ ಇದೆ. ಅವನನ್ನು ಕಂಡವರಿದ್ದರೆ, ಎಲ್ಲಿದ್ದಾನೆಂದು ಬಲ್ಲವರಿದ್ದರೆ, ದಯವಿಟ್ಟು ಮಹೋತ್ಸವ ಸಮಿತಿಗೆ ತಿಳಿಸಬೇಕು.