ಸಿಂಹದ ಚರ್ಮ ಹೊದ್ದವನು ಎಲ್ಲಿಂದ ಬಂದ?

ನನ್ನ ಹತ್ತಿರ ಇರುವ ಒಂದೇ ಒಂದು ಗ್ರೀಕ್ ನಾಣ್ಯ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಬೆಳ್ಳಿಯದು, ತೂಕ ನಾಲ್ಕು ಗ್ರಾಂ ಚಿಲ್ಲರೆ. ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದ ಮೊದಲ ಚಳಿಗಾಲದಲ್ಲಿ, ಮಳೆ ತಪ್ಪಿಸಿಕೊಳ್ಳಲು ಹೊಕ್ಕ ಅಂಗಡಿಯೊಂದರಲ್ಲಿ ಕೊಂಡಿದ್ದು. ಒಂದು ಬದಿಯಲ್ಲಿ ಸಿಂಹದ ತಲೆಯನ್ನೇ ಟೋಪಿ ಥರ ಹಾಕಿಕೊಂಡು, ಅದರ ಮುಂಗಾಲುಗಳನ್ನು ಕತ್ತಿನ ಕೆಳಗೆ ಗಂಟು ಹಾಕಿಕೊಂಡ ಯುವಕ. ಇನ್ನೊಂದು ಬದಿಯಲ್ಲಿ ಕೈ ಮೇಲೆ ಹದ್ದು ಕೂರಿಸಿಕೊಂಡು ಪೀಠದ ಮೇಲೆ ಕುಳಿತ ಝ್ಯೂಸ್. ಪಕ್ಕದಲ್ಲಿ ಗ್ರೀಕ್ ಲಿಪಿಯಲ್ಲಿ 'ಅಲೆಕ್ಸಾಂಡ್ರೂ' ಅಂತ ಬರೆದಿದೆ, ಅಂದರೆ 'ಅಲೆಕ್ಸಾಂಡರನದು'.

ತೋರಿಸಿದವರೆಲ್ಲ "ಓ, ಅಲೆಕ್ಸಾಂಡರ್ ಹೀಗಿದ್ನಾ!" ಅಂತಾರೆ. ಅಲ್ಲ ಮಾರಾಯ್ರೆ, ಅವನು ಹೆರಾಕ್ಲಿಸ್. ಯಾವ ಆಯುಧವೂ ನಾಟದ ನೆಮಿಯಾದ ಸಿಂಹವನ್ನು ಬರಿಗೈಯಲ್ಲಿ ಕತ್ತು ಹಿಸುಕಿ ಕೊಂದು, ಅದರದೇ ಉಗುರಿನಿಂದ ಅದರ ಚರ್ಮ ಸುಲಿದವನು. ಮೆಸಿಡೋನಿಯಾದ ರಾಜರು ತಮ್ಮದು ಅವನದೇ ವಂಶ ಅಂತ ಹೇಳಿಕೊಳ್ಳುತ್ತಿದ್ದರು. ಆಗ ರಾಜ ಬದುಕಿರುವಾಗಲೇ ನಾಣ್ಯದ ಮೇಲೆ ತನ್ನ ಮುಖ ಹಾಕಿಸಿಕೊಳ್ಳುವುದು ಗ್ರೀಕರಲ್ಲಿ ರೂಢಿಯಾಗಿರಲಿಲ್ಲ. ಮೂಲಪುರುಷನ ಮುಖ ಹಾಕಿ ಕೆಳಗೆ ತನ್ನ ಹೆಸರು ಬರೆಸಿದರೆ ಕೆಲಸ ಆಯ್ತಲ್ಲ! ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ. ಅವನ ಹೆಸರಿನ ಇದೇ ಮಾದರಿಯ ಬೆಳ್ಳಿಯನ್ನು ಎಷ್ಟೋ ಊರುಗಳು ಆಮೇಲೂ ತಲೆಮಾರುಗಟ್ಟಲೆ ಟಂಕಿಸುತ್ತಲೇ ಇದ್ದವು. ಅಲೆಕ್ಸಾಂಡರನ ನಿಜವಾದ ಮುಖ ಬೇಕು ಅಂದರೆ ಅವನ ಸೇನಾನಿಯಾಗಿದ್ದ ಲಿಸಿಮಾಕಸ್‌ನ ನಾಣ್ಯ ನೋಡಬೇಕು. ಅಲ್ಲಿ ಅವನು ಕಿವಿಯ ಮೇಲೆ ಟಗರಿನ ಕೊಂಬು ಬಂದಿರುವ ದೇವರು.

ಒಂದು ನಾಣ್ಯ ಕೈಗೆ ಬಂದ ಮೇಲೆ ಹುಚ್ಚು ಹಿಡಿಯುತ್ತೆ. ಕಾರಿಂತ್ ನಗರದ್ದರ ಮೇಲೆ ರೆಕ್ಕೆಯ ಕುದುರೆ ಪೆಗಾಸಸ್, ಕ್ನೋಸೋಸ್‌ನದರ ಮೇಲೆ ಮಿನೋಟಾರನ ಚಕ್ರವ್ಯೂಹ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಸಿಸಿಲಿಯ ಸಿರಾಕ್ಯೂಸ್‌ನ ಅರೆತೂಸಾ. ಗ್ರೀಸಿನ ನದಿಯೊಂದರಲ್ಲಿ ಮೀಯುತ್ತಿದ್ದ ಅಪ್ಸರೆ ಅವಳು. ಆ ನದಿಯ ದೇವತೆ ಆಲ್ಫಿಯಸ್ ಬೆನ್ನು ಹತ್ತಿದ. ಆರ್ಟೆಮಿಸ್ ಅವಳನ್ನು ನೀರಾಗಿಸಿದಳು. ಸಮುದ್ರದ ಅಡಿಯಲ್ಲೇ ಹರಿದು ಬಂದು ಸಿರಾಕ್ಯೂಸ್‌ನಲ್ಲಿ ಒರತೆಯಾಗಿ ಎದ್ದಳಂತೆ. ಕಡಲಂಚಿನ ಆ ಒರತೆ ಇವತ್ತಿಗೂ ಇದೆ, ಪಪೈರಸ್ ಗಿಡ ಬೆಳೆದುಕೊಂಡು. ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಕಿಮೋನ್ ಅನ್ನುವ ಅಚ್ಚು ಕೊರೆಯುವವನು ಅವಳನ್ನು ನಮ್ಮ ಕಡೆಗೇ ಮುಖ ಮಾಡಿ ನೋಡುವಂತೆ ಕೆತ್ತಿದ. ಕೂದಲು ನೀರಿನಲ್ಲಿ ತೇಲುವ ಹಾಗೆ ಹರಡಿದೆ, ನಡುವೆ ಡಾಲ್ಫಿನ್‌ಗಳು ಈಜುತ್ತಿವೆ. ತಲೆಪಟ್ಟಿಯ ಮೇಲೆ ಪುಟ್ಟದಾಗಿ ತನ್ನದೇ ಹೆಸರು ಬರೆದುಕೊಂಡಿದ್ದಾನೆ, ಕಳ್ಳ!

ಅದರ ಬೆಲೆ ನನ್ನ ಸಂಬಳಕ್ಕೆ ದಕ್ಕುವಂಥದ್ದಲ್ಲ, ಬಿಡಿ. ಅದರ ಬಗ್ಗೆ ಓದುತ್ತಾ ಹೋದವನು ಎಲ್ಮಾಲಿಗೆ ಬಂದು ನಿಂತೆ.

1984ರಲ್ಲಿ ಟರ್ಕಿಯ ಅಂಟಾಲ್ಯಾ ಪ್ರಾಂತ್ಯದ ಎಲ್ಮಾಲಿ ಹತ್ತಿರ, ಲೋಹಶೋಧಕ ಹಿಡಿದು ಓಡಾಡುತ್ತಿದ್ದ ಕೆಲವರಿಗೆ ಒಂದು ನಿಧಿ ಸಿಕ್ಕಿತು. ಸುಮಾರು 1900 ಬೆಳ್ಳಿ ನಾಣ್ಯ. ಅದರಲ್ಲಿ ಅಥೆನ್ಸ್‌ನ ಡೆಕಾಡ್ರಾಕ್ಮಗಳೂ ಇದ್ದವು. ಹತ್ತು ಡ್ರಾಕ್ಮಾ ಬೆಲೆಯವು, ಒಂದೊಂದೂ 43 ಗ್ರಾಂ ಆಸುಪಾಸು, ಒಂದು ಕಡೆ ಅಥೀನಾ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿ ಎದುರಿಗೆ ನಿಂತ ಗೂಬೆ. ಅಲ್ಲಿಯವರೆಗೆ ಇಡೀ ಜಗತ್ತಿನಲ್ಲಿ ಇಂಥವು ಗೊತ್ತಿದ್ದದ್ದು ಒಂದು ಡಜನ್ ಚಿಲ್ಲರೆ. ಈ ಒಂದೇ ರಾಶಿಯಲ್ಲಿ ಹೆಚ್ಚುಕಡಿಮೆ ಅಷ್ಟೇ. ನಿಧಿ ಗಡಿ ದಾಟಿತು. ಎಲ್ಲಿಗೆ ಅಂತೀರಾ? ಮೊದಲು ಮ್ಯೂನಿಕ್‌ಗೆ. ಅಲ್ಲಿಂದ ಅಮೆರಿಕಕ್ಕೆ, ವಿಲಿಯಂ ಕೋಕ್ ಎಂಬ ಶ್ರೀಮಂತ ಮತ್ತು ಅವನ ಪಾಲುದಾರರ ಕೈಗೆ. 1989ರಲ್ಲಿ ಟರ್ಕಿ ಅಮೆರಿಕದ ಕೋರ್ಟಿಗೆ ಹೋಯಿತು. ನಾಣ್ಯಗಳು ವಾಪಸು ಬಂದಿದ್ದು 1999ರಲ್ಲಿ.

ವಾಪಸು ಬಂತಲ್ಲ, ಇನ್ನೇನು ಅನ್ನಿಸಬಹುದು. ಆದರೆ ನಿಧಿಯೊಂದನ್ನು ಬಲ್ಲವರು ಅಗೆದರೆ ಸಿಗುವುದು ಬರೀ ಬೆಳ್ಳಿಯಲ್ಲ. ಯಾವ ಊರಿನ ನಾಣ್ಯ ಯಾವುದರ ಜೊತೆಗಿತ್ತು, ಎಂಥ ಮಡಕೆಯಲ್ಲಿತ್ತು, ಪಕ್ಕದಲ್ಲಿ ಮನೆಯಿತ್ತೋ ಗುಡಿಯಿತ್ತೋ ಅನ್ನುವುದೂ ಸಿಗುತ್ತೆ. ರಾಶಿಯಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ, ಅದಾದ ಮೇಲೆಯೇ ಹೂತಿದ್ದು ಅಂತ ಲೆಕ್ಕ ಹಾಕಬಹುದು. ಚೀಲಕ್ಕೆ ತುಂಬಿ ಗಡಿ ದಾಟಿಸಿ ಹಂಚಿಬಿಟ್ಟರೆ, ಉಳಿಯುವುದು ಚಂದದ ಮುಖಗಳಷ್ಟೇ. ಅರೆತೂಸಾ ಹೇಳುವಷ್ಟನ್ನೇ ಹೇಳುತ್ತಾಳೆ. ಅವಳ ಪಕ್ಕದಲ್ಲಿ ಯಾರಿದ್ದರು ಅಂತ ಅವಳಿಗೂ ನೆನಪಿರುವುದಿಲ್ಲ.

ಇದನ್ನೆಲ್ಲ ಓದಿದ ಮೇಲೆ ಮತ್ತೆ ಅದೇ ಅಂಗಡಿಗೆ ಹೋದೆ. ಪೆಗಾಸಸ್ ಒಂದು ಬಂದಿತ್ತು, ಕುದುರೆಯ ರೆಕ್ಕೆ ಚಾಚಿದ್ದು ಸ್ವಲ್ಪವೂ ಸವೆದಿರಲಿಲ್ಲ. ಬೆಲೆಯೂ ಹೇಗೋ ಹೊಂದಿಸಬಹುದಾದಷ್ಟೇ. "ಇದು ಎಲ್ಲಿಂದ ಬಂತು?" ಅಂತ ಕೇಳಿದೆ. "ಹಳೆಯ ಸಂಗ್ರಹ" ಅಂದರು. ಯಾರ ಸಂಗ್ರಹ, ಯಾವ ವರ್ಷ, ಹಳೆಯ ಹರಾಜಿನ ಕ್ಯಾಟಲಾಗಿನಲ್ಲಿ ಫೋಟೋ ಇದೆಯಾ? ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. "ಹುಡುಗಾ, ಎರಡು ಸಾವಿರ ವರ್ಷದ ಬಿಲ್ಲು ಎಲ್ಲಿಂದ ತರಲಿ?" ನಾನೂ ನಕ್ಕೆ. ಕೇಳಿದ್ದು ಎರಡು ಸಾವಿರ ವರ್ಷದ್ದನ್ನಲ್ಲ, ನಲವತ್ತು-ಐವತ್ತು ವರ್ಷದ್ದನ್ನು. ನಾಣ್ಯವನ್ನು ಮಖಮಲ್ಲಿನ ತಟ್ಟೆಯ ಮೇಲಿಟ್ಟು ಬಂದೆ. ಟ್ರಾಮಿನಲ್ಲಿ ಕೂತಾಗ ಹೊಟ್ಟೆ ಉರಿದಿದ್ದು ಸುಳ್ಳಲ್ಲ.

ಮನೆಗೆ ಬಂದು ನನ್ನ ಹೆರಾಕ್ಲಿಸ್‌ನ ಕಾಗದದ ಕವರು ತೆಗೆದು ನೋಡಿದೆ. ಅದರ ಮೇಲೆ ಅದೇ ಹಿರಿಯರ ಕೈಬರಹದಲ್ಲಿ ತೂಕ ಇದೆ, ಲೋಹ ಇದೆ, ಬೆಲೆ ಇದೆ. ಮೊದಲ ಸಲ ನಾನೂ ಏನೂ ಕೇಳಿರಲಿಲ್ಲ.