ಒಥೆಲೊ
ಶೇಕ್ಸ್‌ಪಿಯರ್ ಸುಮಾರು 1603–04ರಲ್ಲಿ ಬರೆದ ದುರಂತ ನಾಟಕ. ಬಡ್ತಿ ತನಗೆ ಸಿಗದೆ ಕ್ಯಾಸಿಯೊನ ಪಾಲಾಯಿತೆಂದು ಕುದಿಯುವ ಇಯಾಗೊ, ದಂಡನಾಯಕ ಒಥೆಲೊನ ಮನಸ್ಸಿನಲ್ಲಿ ಪತ್ನಿ ಡೆಸ್ಡಿಮೋನಳ ಬಗ್ಗೆ ಸಂಶಯ ಬಿತ್ತುತ್ತಾನೆ. ಮೊದಮೊದಲು ಅವನು ಆರೋಪಿಸುವುದೇ ಇಲ್ಲ. ಅರ್ಧ ಮಾತಾಡಿ ನಿಲ್ಲಿಸುತ್ತಾನೆ, ಉಳಿದದ್ದನ್ನು ಒಥೆಲೊನೇ ಕಲ್ಪಿಸಿಕೊಳ್ಳುತ್ತಾನೆ. ಸ್ವಗತಗಳಲ್ಲಿ ಸಂಚನ್ನು ಮೊದಲೇ ಕೇಳಿದ ಪ್ರೇಕ್ಷಕ ಎಲ್ಲ ತಿಳಿದೂ ತಡೆಯಲಾರ. ಬಿಗುವು ಹುಟ್ಟುವುದು ಇಲ್ಲಿ. ಡೆಸ್ಡಿಮೋನಳ ಕಳೆದುಹೋದ ಕರವಸ್ತ್ರವೊಂದು ಸಾಕ್ಷ್ಯವಾಗಿ ಒಥೆಲೊನನ್ನು ಕೊಲೆಯವರೆಗೆ ಒಯ್ಯುತ್ತದೆ. ಕಾರಣ ತೀರ ಕ್ಷುಲ್ಲಕವೆಂಬ ಆಕ್ಷೇಪ ಹಳೆಯದು. ಮತ್ಸರಕ್ಕೆ ಅಷ್ಟೇ ಸಾಕೆಂಬುದೇ ನಾಟಕದ ಬಲ.

ಮೈಸೂರಿನ ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡದಲ್ಲಿ ‘ಶೂರಸೇನ ಚರಿತ್ರೆ’ಯಾಗಿ ರೂಪಾಂತರಿಸಿದರು. ಎ.ಎನ್. ಮೂರ್ತಿರಾವ್ (1900–2003) ಶೇಕ್ಸ್‌ಪಿಯರನ ಬಗ್ಗೆ ಕನ್ನಡದಲ್ಲಿ ಬರೆದ ಮುಖ್ಯ ವಿಮರ್ಶಕರಲ್ಲೊಬ್ಬರು.