ಕಳ್ಳಿಯೆಂಬ ನೆಂಟ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಹಾದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಸಾಗಿದವರು ಬಿರಿದ ಎರೆಹೊಲದ ಬದುವಿನ ಮೇಲೆ ಹಸಿರಾಗಿ ನಿಂತ ಕಳ್ಳಿಯನ್ನು ಕಂಡೇ ಇರುತ್ತಾರೆ. ಅದು ಈ ನೆಲದ ಸಂತಾನವೆಂದೇ ನಾನು ಬಹುಕಾಲ ನಂಬಿದ್ದೆ. ಅದು ಅರ್ಧ ಮಾತ್ರ ನಿಜ.

ಮುರಿದರೆ ಹಾಲು ಸುರಿಸುವ ಕಳ್ಳಿಗಳಲ್ಲಿ ಹಲವು ನಮ್ಮವೇ. ಹಾಲಿಲ್ಲದ, ಕೆಂಪು ಹಣ್ಣಿನ ಪಾಪಾಸುಕಳ್ಳಿ ಮಾತ್ರ ಅಮೆರಿಕದಿಂದ ಬಂದ ನೆಂಟ. ಪಾಪಾಸು ಎಂದರೆ ಪಾದರಕ್ಷೆ; ಪಾರಸಿಯ ಮಾತು. ಚಪ್ಪಲಿಯಂತೆ ಚಪ್ಪಟೆಯಾದ ಆ ಗಿಡಕ್ಕೆ ಕನ್ನಡ ತನ್ನ ಹಳೆಯ ಕುಲನಾಮವನ್ನೇ ಕೊಟ್ಟು ಒಳಗೆ ಕರೆದುಕೊಂಡಿತು.

ಈ ನೆಂಟನ ಹಿಂದೆ ಬಣ್ಣದ ವ್ಯಾಪಾರವಿದೆ. ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಕಿರಮಂಜಿ ಬಣ್ಣ ತೆಗೆದು ಸ್ಪೇನ್ ಹಣ ಮಾಡುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಆ ಆಸೆ ಹುಟ್ಟಿತು. ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಕಳ್ಳಿಯ ತೋಟವನ್ನೇ ಬೆಳೆಸಿದರು. 1795ರಲ್ಲಿ ಬ್ರೆಜಿಲ್‌ನಿಂದ ಬಂದ ಹುಳು ಕಾಡುಜಾತಿಯದು. ಅದರ ಬಣ್ಣ ಕೀಳು. ವ್ಯಾಪಾರ ಬಿದ್ದುಹೋಯಿತು, ಕಳ್ಳಿ ಉಳಿಯಿತು. ಮುಂದೆ ಅದರ ಇನ್ನೊಂದು ಜಾತಿ ದಕ್ಷಿಣದ ಹೊಲ ಗೋಮಾಳಗಳನ್ನು ಆಕ್ರಮಿಸಿದಾಗ, 1926ರಲ್ಲಿ ಸಿಂಹಳದಿಂದ ಬೇರೊಂದು ಹುಳುವನ್ನು ತಂದು ಬಿಟ್ಟು ಅದನ್ನು ಹತೋಟಿಗೆ ತರಬೇಕಾಯಿತು.

ಗಿಡದ ಗುಣ ತಿಳಿಯದೆ ಕೈಹಾಕಿದವರಲ್ಲಿ ನಾನೂ ಒಬ್ಬ. ಅವ್ವ ನಮ್ಮ ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿದ್ದಳು. ಅದರ ತವರೂ ಅರಬಸ್ತಾನವೇ. ಮಣ್ಣಿಲ್ಲದೆ, ನೀರಿಲ್ಲದೆ ಅದು ಬದುಕಿತ್ತು. ನಾನು ಕನಿಕರಪಟ್ಟು ಅದನ್ನು ಬಿಚ್ಚಿ ಎರೆಮಣ್ಣಿನಲ್ಲಿ ನೆಟ್ಟು ದಿನವೂ ನೀರೆರೆದೆ. ಮಳೆಗಾಲದ ನಡುವೆ ಬೇರು ಕೊಳೆತು ಗಿಡ ಕೈಗೇ ಕಿತ್ತು ಬಂತು. "ಬ್ಯಾಸಗಿ ಕೊಲ್ಲಲಿಲ್ಲಪ್ಪ, ನಿನ್ನ ನೀರು ಕೊಂತು" ಎಂದಳು ಅವ್ವ.

ಅವಳ ಮಾತು ಶಾಸ್ತ್ರಕ್ಕೂ ಹೊಂದುತ್ತದೆ. ಈ ಗಿಡಗಳು ಹಗಲು ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿ ರಾತ್ರಿಯ ತಂಪಿನಲ್ಲಿ ತೆರೆದು ಗಾಳಿ ಹೀರುತ್ತವೆ. ಹೀಗೆ ಒಳಗಿನ ತೇವವನ್ನು ಕಾಯುತ್ತವೆ. ನೀರು ಹಿಡಿದಿಡುವ ಎರೆಮಣ್ಣು ಜೋಳಕ್ಕೆ ತಾಯಿ, ಇವುಗಳ ಬೇರಿಗೆ ಮೃತ್ಯು. ತೂತಿನ ಕುಂಡ, ದಪ್ಪ ಮರಳು, ಇಟ್ಟಿಗೆಯ ಚೂರು, ಹಿಡಿಯಷ್ಟು ಮಣ್ಣು ಸಾಕು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಮಳೆಗಾಲದಲ್ಲಿ ಸೂರಿನಡಿಯ ಆಶ್ರಯ.

ಅವ್ವ ಈಗಿಲ್ಲ. ನನ್ನ ಅಂಗಳದಲ್ಲಿ ಪಾಪಾಸುಕಳ್ಳಿಯೂ ಹಾಲುಗಳ್ಳಿಯೂ ಒಂದೇ ಸಾಲಿನ ಕುಂಡಗಳಲ್ಲಿವೆ. ಬಾಗಿಲ ಮೇಲೆ ಮತ್ತೊಂದು ಲೋಳೆಸರ ಕಟ್ಟಿದ್ದೇನೆ. ಅದಕ್ಕೆ ನೀರು ಹಾಕುವುದಿಲ್ಲ.